ಆನ್ ಕಾದಂಬರಿ ಓದೂದು ಹೆಂಗ: ಮಾತಿನ ಹುಡುಗಿ ಸುಮ್ಮನಾಗೋ ಜಾಗಾ ಹುಡಕ್ರಿ

ಮೊದಲ ಒಂದು ತಪ್ಪೊಪ್ಪಿಗಿ. 'ಆನ್ ಆಫ್ ಗ್ರೀನ್ ಗೇಬಲ್ಸ್' ಅನ್ನೋ ಕಾದಂಬರಿನ ನಾ ಎರಡು ಸಲ ಅರ್ಧಕ್ಕ ಬಿಟ್ಟಾಕಿ. ಮೊದಲನೇ ಸಲ ಧಾರವಾಡದಾಗ ಕಾಲೇಜ್ ಓದೋವಾಗ, ಹಾಸ್ಟೆಲ್ ಕಾಟಿನ ಮ್ಯಾಲೆ ಅಡ್ಡಾಗಿ ಹಿಡದೆ, ಮೂರನೇ ಪುಟಕ್ಕ ನಿದ್ದಿ. ಎರಡನೇ ಸಲ ಮದವಿ ಆದ ಮ್ಯಾಲೆ, ಆವಾಗ ಹತ್ತು ಅಧ್ಯಾಯ ಓದಿದೆ, ಓದಿ ಏನವ್ವಾ ಈ ಹುಡುಗಿ ಬಾಯಿಗೆ ಬೀಗಾ ಹಾಕವರು ಯಾರೂ ಇಲ್ಲೇನು ಅಂತ ತಲಿ ಚಿಟ್ಟ ಹಿಡದು ಕಪಾಟಿನ್ಯಾಗ ಇಟ್ಟುಬಿಟ್ಟೆ. ಮೂರನೇ ಸಲ ಓದಿದ್ದು ನಮ್ಮ ಅಕ್ಕನ ಮಗಳ ಸಲುವಾಗಿ. ಆಕಿ ಹುಬ್ಬಳ್ಳಿ ವಿದ್ಯಾನಗರದಾಗ ಇರ್ತಾಳ, ಪಿಯುಸಿ ಫಸ್ಟ್ ಇಯರ್, ಶನಿವಾರ ಮಧ್ಯಾಹ್ನ ಚಿಗರಿ ಬಸ್ ಹತ್ತಿ ಧಾರವಾಡಕ್ಕ ನಮ್ಮನಿಗೆ ಬಂದು ಸೋಮವಾರ ಮುಂಜಾನೆ ವಾಪಸ್. 'ಮೌಶಿ ಇದನ್ನ ಓದಾಕ ಕೊಟ್ಟಾರ, ನನಗ ಒಂದೂ ತಲಿಗೆ ಹೋಗವಲ್ದು' ಅಂತ ಮಾರಿ ಸಣ್ಣ ಮಾಡಿ ಕೂತಿದ್ಲು. ನನಗೂ ಹೋಗಿಲ್ಲಾ ಅಂತ ಹೇಳಾಕ ಮರ್ಯಾದಿ ಬಿಡವಲ್ದು ನೋಡ್ರಿ, ತಾ ಇಲ್ಲೆ ಇಬ್ಬರೂ ಕೂಡಿ ಓದೂಣು ಅಂದೆ. ನಾಲ್ಕು ತಿಂಗಳು ಹಿಡೀತು. ಹಂಗ ಓದಿದಾಗ ಗೊತ್ತಾಗಿದ್ದನ್ನ ಇಲ್ಲೆ ಬರೀತೀನಿ, ನಿಮ್ಮನಿಯಾಗೂ ಯಾರರೆ ಮೂರನೇ ಪುಟಕ್ಕ ನಿದ್ದಿ ಮಾಡೋ ಮಂದಿ ಇದ್ರ ಉಪಯೋಗ ಆಗ್ತೈತಿ.

ಕಥಿ ಗೊತ್ತಿಲ್ಲದವರಿಗೆ ಎರಡು ಮಾತು. ಕೆನಡಾ ದೇಶದ ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್ ಅನ್ನೋ ನಡುಗಡ್ಡಿ, ಅಲ್ಲಿ ಅವೊನ್‌ಲಿ ಅನ್ನೋ ಊರು, ಊರು ಲೇಖಕಿ ಕಟ್ಟಿದ್ದು ಆದ್ರ ನಡುಗಡ್ಡಿ ಖರೇನ ಐತಿ. ಮದವಿ ಇಲ್ಲದ ಅಣ್ಣ ತಂಗಿ, ಮ್ಯಾಥ್ಯೂ ಮತ್ತ ಮರಿಲ್ಲಾ, ಹೊಲದ ಕೆಲಸಕ್ಕ ಕೈ ಆಗಲಿ ಅಂತ ಅನಾಥಾಶ್ರಮದಿಂದ ಒಂದು ಗಂಡು ಹುಡುಗನ್ನ ಕಳಸ್ರಿ ಅಂತ ಹೇಳಿ ಕಳಸ್ತಾರ, ಹೇಳಿದ ಮಾತು ನಡುವ ಎಲ್ಲೋ ತಿರುವುಮುರುವು ಆಗಿ ಸ್ಟೇಶನ್ನಿಗೆ ಬಂದಿಳಿದಾಕಿ ಹನ್ನೊಂದು ವರ್ಷದ ಕೆಂಪು ಕೂದಲದ ಹುಡುಗಿ, ಆನ್ ಶರ್ಲಿ. ಬರದಾಕಿ ಲೂಸಿ ಮಾಡ್ ಮಾಂಟ್‌ಗೊಮರಿ, ಪುಸ್ತಕ ಬಂದದ್ದು 1908ರಾಗ. ಕಥಿ ಮುಗಿಯೂದ್ರಾಗ ಹುಡುಗಿಗೆ ಹದಿನಾರು. ಮುಂದ ನಾ ಕಥಿ ಒಡೀತೀನಿ, ಯಾರು ಸಾಯ್ತಾರ ಅನ್ನೂದೂ ಹೇಳ್ತೀನಿ, ನೂರು ವರ್ಷದ ಮ್ಯಾಗಿನ ಪುಸ್ತಕಕ್ಕ ಇನ್ನೇನ್ರಿ ಸಸ್ಪೆನ್ಸ್.

ಪುಸ್ತಕ ಸಿಗೂದು ಕಷ್ಟ ಇಲ್ಲ. ಹಳೇದಾದ್ದರಿಂದ ಇಂಗ್ಲಿಷ್ ಮೂಲ ಪ್ರಾಜೆಕ್ಟ್ ಗುಟೆನ್‌ಬರ್ಗ್ ಸೈಟಿನ್ಯಾಗ ಪುಕ್ಕಟ ಐತಿ, ಮಂದಿ ಓದಿ ರೆಕಾರ್ಡ್ ಮಾಡಿದ ಆಡಿಯೋ ಲಿಬ್ರಿವಾಕ್ಸ್‌ನ್ಯಾಗ ಐತಿ, ಅದೂ ಪುಕ್ಕಟ. ನಾವು ಮಾಡಿದ್ದು ಹಿಂಗ: ಒಟ್ಟ 38 ಅಧ್ಯಾಯ, ಸಣ್ಣ ಸಣ್ಣವು, ಶನಿವಾರ ಸಂಜಿಗೆ ಚಾ ಕುಡಕೋತ ಒಂದು, ರವಿವಾರ ಒಂದು, ಮತ್ತ ಆಕಿ ಹುಬ್ಬಳ್ಳಿಗೆ ಹೊಂಟಾಗ ಬಸ್ಸಿನ್ಯಾಗ ಕಿವಿಗೆ ಹಾಕ್ಕೊಂಡು ಒಂದು, ಧಾರವಾಡ ಬಿಟ್ಟು ಉಣಕಲ್ಲ ದಾಟೂದ್ರಾಗ ಒಂದು ಅಧ್ಯಾಯ ಬರೋಬರಿ ಮುಗೀತೈತಿ. ಮನಿಯಾಗ ಓದೂದು ಮಾತ್ರ ಬಾಯಿಬಿಟ್ಟು, ದೊಡ್ಡ ದನಿಲೇ. ಇದು ಬ್ಯಾರೆ ಕಾದಂಬರಿಗೆ ಹೇಳೋ ಉಪದೇಶ ಅಲ್ಲ, ಇದಕ್ಕ ಅಷ್ಟ. ಯಾಕಂದ್ರ ಆನ್ ಒಮ್ಮೆ ಬಾಯಿ ತಗದ್ಲು ಅಂದ್ರ ಒಂದು ಪುಟ, ಒಂದೂವರಿ ಪುಟ ಉಸರು ತಗೊಳ್ಳದ ಮಾತಾಡ್ತಾಳ, ಪ್ಯಾರಾ ಸೈತ ಒಡಿಯೂದಿಲ್ಲ. ಕಣ್ಣಿಲೇ ಓದಿದ್ರ ಅದು ಗ್ವಾಡಿ ಆಗಿ ನಿಲ್ಲತೈತಿ. ಬಾಯಿಲೇ ಓದಿದ್ರ, ನಮ್ಮ ಓಣಿಯಾಗ ಸಾಲಿ ಬಿಟ್ಟ ಮ್ಯಾಲೆ ಮನಿ ಬಾಗಲಾಗ ಚಪ್ಪಲಿ ಬಿಡೂಕಿಂತ ಮೊದಲ ಸುರು ಮಾಡ್ತಾವಲ್ಲ ಹುಡುಗೂರು, 'ಅವ್ವಾ ಇವತ್ತ ಏನಾತಂದ್ರ' ಅಂತ, ಹಂಗ ಕೇಳಸ್ತೈತಿ. ನಮ್ಮ ಹುಡುಗಿಗೆ ಆನ್ ಪಾಲು ಕೊಟ್ಟೆ, ನಾ ಮರಿಲ್ಲಾ. ಮ್ಯಾಥ್ಯೂ ಪಾಲಿಗೆ ನಮ್ಮ ಮನಿಯವರು, ಅವರಿಗೆ ಹೇಳಾಕ ಒಂದ ಮಾತು, ಅದನ್ನ ಆಮ್ಯಾಲೆ ಹೇಳ್ತೀನಿ.

ಡಿಕ್ಷನರಿ ಬಾಜೂಕ ಇಟ್ಟುಕೊಂಡು ಕೂಡಬ್ಯಾಡ್ರಿ. ಅಲ್ಲೆ ನೂರಾಎಂಟು ಹೂವು ಗಿಡದ ಹೆಸರು ಬರ್ತಾವ, ಭಾಳಷ್ಟು ನಮ್ಮ ಕಡೆ ಬೆಳಿಯೂದಿಲ್ಲ. ಹೂವು ಅಂತ ತಿಳಕೊಂಡು ಮುಂದ ನಡೀರಿ. ಆದ್ರ ಆನ್ ಜಾಗಾಕ್ಕ ಹೆಸರು ಇಡೋವಾಗ ಮಾತ್ರ ನಿಲ್ಲರಿ. ಊರವರು ಬರೇ ಬ್ಯಾರಿ ಅವರ ಕೆರಿ ಅನ್ನೂದಕ್ಕ ಆಕಿ ಹೊಳಿಯೋ ನೀರಿನ ಸರೋವರ ಅಂತಾಳ, ಕಿಡಕಿ ಮುಂದಿನ ಚೆರ್ರಿ ಗಿಡಕ್ಕ ಹಿಮದ ರಾಣಿ ಅಂತಾಳ. ಹುಚ್ಚು ಅನ್ನಸ್ತೈತಿ. ಆದ್ರ ವಿಚಾರ ಮಾಡ್ರಿ, ಹನ್ನೊಂದು ವರ್ಷಕ್ಕ ನಾಲ್ಕು ಕಡೆ ಹೊರಳ್ಯಾಡಿದ ಕೂಸದು, ಆಕಿಗೆ ತನ್ನದು ಅನ್ನೂದು ಒಂದು ಟ್ರಂಕೂ ಇಲ್ಲ, ಕೈಯಾಗ ಒಂದು ಹಳೇ ಚೀಲ ಅಷ್ಟ. ಹೆಸರು ಇಟ್ಟರ ಅಷ್ಟರ ಮಟ್ಟಿಗೆ ಆ ಜಾಗಾ ತನ್ನದು. ನಮ್ಮಾಕಿಗೆ ಇದು ಸಾಧನಕೇರಿ ದಂಡಿಗೆ ಕೂತಾಗ ತಿಳೀತು, ಇಲ್ಲದಿದ್ರ ಅದೂ ಒಂದು ಕೆರಿನ, ಬೇಂದ್ರೆ ಅಜ್ಜಾರು ಬಾರೋ ಅಂತ ಕರದ ಮ್ಯಾಲೆ ಅಲ್ಲೇನು ಇಡೀ ಕರ್ನಾಟಕಕ್ಕ ಅದು ಗೊತ್ತಾಗಿದ್ದು.

ಇನ್ನೊಂದು, ದಾರಿ. ಆ ನಡುಗಡ್ಡಿಯ ರಸ್ತಾ ಕೆಂಪು. ಆನ್ ಗಾಡಿಯಾಗ ಕೂತು ಇದ್ಯಾಕ ಕೆಂಪು ಅಂತ ಮ್ಯಾಥ್ಯೂನ ಕೇಳ್ತಾಳ, ಅಂವಗ ಗೊತ್ತಿಲ್ಲ. ಮಣ್ಣಿನ್ಯಾಗ ಕಬ್ಬಿಣದ ಅಂಶ ಐತಿ, ಅದಕ್ಕ ಜಂಗ್ ಹತ್ತಿ ಕೆಂಪಾಗೈತಿ, ಅಷ್ಟ ಕಾರಣ, ನಮ್ಮ ಮಸಾರಿ ಹೊಲಕ್ಕೂ ಅದ ಕಾರಣ. ಗದಗ ನವಲಗುಂದ ಕಡೆಯವರು ಎರಿ ಭೂಮ್ಯಾಗ ಬೆಳದವರು, ಅವರಿಗೆ ಈ ಚಿತ್ರ ಕಣ್ಣಿಗೆ ಕಟ್ಟೂದು ಸ್ವಲ್ಪ ತಡ ಆಗಬಹುದು. ಧಾರವಾಡದಿಂದ ಪಡುವಲಕ್ಕ ಮೊದಲ ಮಳಿ ಆದ ಮರುದಿನ ಹೋಗಿ ಚಪ್ಪಲಿ ನೋಡಕೊಂಡವರಿಗೆ ಕೂಡಲೇ ಕಾಣತೈತಿ.

ಈಗ ಮುಖ್ಯ ಮಾತಿಗೆ ಬರ್ತೀನಿ. ಈ ಕಾದಂಬರಿ ಮಾತಿನ ಮಲ್ಲಿ ಕಥಿ ಅಂತ ಎಲ್ಲಾರೂ ಹೇಳ್ತಾರ, ನಾನೂ ಹಂಗ ತಿಳದು ಎರಡು ಸಲ ಬಿಟ್ಟೆ. ಮೂರನೇ ಸಲ ಏನು ಮಾಡಿದ್ವಿ ಅಂದ್ರ, ಆನ್ ಎಲ್ಲೆಲ್ಲಿ ಸುಮ್ಮನಾಗ್ತಾಳ ಅಲ್ಲೆಲ್ಲಾ ಪೆನ್ಸಿಲಿನ್ಲೆ ಒಂದು ಗೆರಿ ಎಳಕೋತ ಹೋದ್ವಿ. ಭಾಳ ಇಲ್ಲ. ಆದ್ರ ಕಥಿ ತಿರಗೂದೆಲ್ಲಾ ಅಲ್ಲೇ.

ಮೊದಲನೇದು ಎರಡನೇ ಅಧ್ಯಾಯದಾಗ. ಮ್ಯಾಥ್ಯೂ ಅಂದ್ರ ಅರವತ್ತು ವರ್ಷದ ಗಂಡಸು, ಹೆಣ್ಣುಮಕ್ಕಳನ್ನ ಕಂಡ್ರ ಅಂಜಿ ದಾರಿ ಬಿಡಾಂವ, ಅಂಥಾಂವನ ಗಾಡಿಯಾಗ ಈಕಿ ಕೂತು ಒಂದ ಸವನ ಹರಟತಾಳ, ನಡುವ ನಿಂತು 'ನಾ ಭಾಳ ಮಾತಾಡಾಕ ಹತ್ತೀನೇನು, ಬ್ಯಾಡಂದ್ರ ನಿಲ್ಲಸ್ತೀನಿ' ಅನ್ನೋ ಅರ್ಥದಾಗ ಕೇಳ್ತಾಳ. ಇಲ್ಲೆ ಲಕ್ಷ್ಯ ಕೊಡ್ರಿ, ಅದು ಆಕಿನ ಎಷ್ಟು ಮಂದಿ ಬಾಯಿ ಮುಚ್ಚು ಅಂದಾರ ಅನ್ನೂದರ ಲೆಕ್ಕ. ಅಂವ ಮಾತಾಡು ನನಗೇನ ತ್ರಾಸಿಲ್ಲ ಅಂತಾನ, ಅಂವಗ ಖರೇನ ಸುಖ ಅನ್ನಸ್ತಿರ್ತೈತಿ, ಯಾಕಂದ್ರ ತಾನು ಏನೂ ಮಾತಾಡಬೇಕಿಲ್ಲಲ್ಲ. ಆಮ್ಯಾಲೆ ಗಾಡಿ ಒಂದು ಹೂವು ಬಿಟ್ಟ ಆಪಲ್ ಗಿಡದ ಸಾಲಿನೊಳಗ ಹೊಕ್ಕತೈತಿ, ಮ್ಯಾಲೆ ಬೆಳ್ಳಗ ಚಪ್ಪರ ಹಾಕಿದಂಗ, ಮತ್ತ ಹುಡುಗಿ ಗಪ್. ಗಿಡದ ಸಾಲು ದಾಟಿ ಮೂರು ಮೈಲು ಹೋದ್ರೂ ಮಾತಿಲ್ಲ. ಮ್ಯಾಥ್ಯೂಗ ಅಂಜಿಕಿ, ಕೂಸಿಗೆ ಹಸುವಾಗೈತೋ ಏನೋ ಅಂತ. ಬರೇ ಚಂದಕ್ಕ ಬಾಯಿ ಕಟ್ಟಿದ್ದು ಅದು, ಪುಸ್ತಕದಾಗ ಸಂತೋಷಕ್ಕ ಬರೋ ಮೊದಲನೇ ಸುಮ್ಮನಿರೂದು ಅದು.

ಎರಡನೇದು ಬ್ಯಾರೆ ಥರ. ಗಂಡು ಹುಡುಗ ಬೇಕಾಗಿತ್ತು ಹೆಣ್ಣು ಬಂದಾಳ, ವಾಪಸ್ ಕಳಸಬೇಕು ಅಂತ ಮರಿಲ್ಲಾ ಮರುದಿನ ಗಾಡಿ ಹೂಡಿಸಿಕೊಂಡು ಹೊಂಟಾಳ, ದಾರಿಯಾಗ ನಿನ್ನ ಕಥಿ ಹೇಳು ಅಂತಾಳ, ಕಟ್ಟುಕಥಿ ಬ್ಯಾಡ, ಇದ್ದದ್ದು ಹೇಳು. ಆನ್ ಹೇಳ್ತಾಳ: ಅಪ್ಪ ಅವ್ವ ಇಬ್ಬರೂ ಮಾಸ್ತರಿಕಿ ಮಾಡ್ತಿದ್ರು, ಮೂರು ತಿಂಗಳ ಕೂಸಿದ್ದಾಗ ಇಬ್ಬರೂ ಜ್ವರ ಬಂದು ಹ್ವಾದ್ರು, ಒಬ್ಬಾಕಿ ಮನಿಯಾಗ ಎಂಟು ವರ್ಷದ ತನಕ ಕೂಸು ಆಡಿಸಿಕೋತ ಇದ್ದೆ, ಆಮ್ಯಾಲೆ ಇನ್ನೊಬ್ಬಾಕಿ ಮನಿ, ಅಲ್ಲೆ ಎಂಟು ಮಕ್ಕಳು, ಅದ್ರಾಗ ಅವಳಿ ಜವಳಿ ಮೂರು ಜೋಡಿ, ಆಮ್ಯಾಲೆ ಅನಾಥಾಶ್ರಮ. ಇಷ್ಟೂ ಫಟಾಫಟ್. ಆಗ ಮರಿಲ್ಲಾ ಒಂದ ಪ್ರಶ್ನಿ ಕೇಳ್ತಾಳ: ಆ ಹೆಣ್ಣುಮಕ್ಕಳು ನಿನ್ನ ಛಲೋ ನೋಡಕೋತಿದ್ರೇನು? ಅಲ್ಲೆ ಹುಡುಗಿ ತೊದಲತಾಳ, ಮಾರಿ ಕೆಂಪಾಗತೈತಿ. ಅವರಿಗೆ ಛಲೋ ಮಾಡಬೇಕು ಅಂತ ಮನಸ್ಸಿತ್ತು, ಅಷ್ಟಿದ್ರ ಸಾಕಲ್ಲ, ಅನ್ನೋ ಅರ್ಥದ ಮಾತು ಹೇಳಿ ಸುಮ್ಮನಾಗ್ತಾಳ. ಯಾರನ್ನೂ ದೂರೂದಿಲ್ಲ. ಒಂದು ಪುಟ ಮಾತಾಡಿದಾಕಿ ಏನು ಹೇಳಲಿಲ್ಲ ಅನ್ನೂದು ಮರಿಲ್ಲಾಗ ತಿಳೀತೈತಿ, ಆಕಿ ಮುಂದ ಏನೂ ಕೇಳೂದಿಲ್ಲ. ಈ ಜಾಗಾ ನಾವು ಓದೋವಾಗ ನಮ್ಮ ಹುಡುಗಿ ಪುಸ್ತಕ ತೊಡಿ ಮ್ಯಾಲೆ ಇಟ್ಟು, ಮೌಶಿ ಹೊಡೀತಿದ್ರೇನು ಆಕಿಗೆ ಅಂದ್ಲು. ಪುಸ್ತಕದಾಗ ಹೊಡದದ್ದು ಅಂತ ಒಂದು ಅಕ್ಷರ ಬರದಿಲ್ಲ ನೋಡ್ರಿ ಅಲ್ಲೆ. ನನ್ನ ಪ್ರಕಾರ ಬರವಣಿಗಿ ಅಂದ್ರ ಅದು.

ಅಲ್ಲಿಂದ ಮುಂದಿನ ಅಧ್ಯಾಯದಾಗ ಬ್ಲೂಯೆಟ್ ಅನ್ನೋ ಹೆಂಗಸು ಬರ್ತಾಳ, ಕೆಲಸದಾಳನ್ನ ಹಿಂಡಿ ಹಿಪ್ಪಿ ಮಾಡೋ ಪೈಕಿ, ಆಕಿಗೆ ಮನಿಗೆಲಸಕ್ಕ ಹುಡುಗಿ ಬೇಕಾಗ್ಯಾಳ. ಈಕಿನ್ನ ನಾನ ಒಯ್ತೀನಿ ಅಂತಾಳ. ಹೊರಿ ಇಳೀತು ಅಂತ ಮರಿಲ್ಲಾ ಖುಷಿ ಪಡಬೇಕು. ಆನ್ ಒಂದೂ ಮಾತಾಡೂದಿಲ್ಲ. ಮಾರಿ ಬೆಳ್ಳಗ ಸುಣ್ಣದಂಗ. ಆ ಸುಮ್ಮನಿದ್ದ ಮಾರಿ ನೋಡಿ ಮರಿಲ್ಲಾ ಆಕಿನ್ನ ಅಲ್ಲೆ ಬಿಡಲಾರದ ತಿರಗಿ ಮನಿಗೆ ಕರಕೊಂಡು ಬರ್ತಾಳ. ಅಂದ್ರ ಮನಿ ಸಿಕ್ಕಿದ್ದು ಹುಡುಗಿ ಚಂದ ಮಾತಾಡಿದ್ದಕ್ಕಲ್ಲ, ಬಾಯಿ ಬಂದಾದಾಗ. ಇದನ್ನ ಹಿಡದುಬಿಟ್ಟರ ಉಳದ ಮೂವತ್ತು ಅಧ್ಯಾಯ ತಾನ ಬಾಗಲ ತಗೀತಾವ.

ಇದರ ಜೋಡಿ ಇನ್ನೊಂದು ಮಾಡ್ರಿ: ಮರಿಲ್ಲಾ ತುಟಿ ಮ್ಯಾಲೆ ಕಣ್ಣಿಡ್ರಿ. ಮೊದಲನೇ ಅಧ್ಯಾಯದಾಗ ಲೇಖಕಿ ಆಕಿನ್ನ ಭಾಳ ಕಟ್ಟುನಿಟ್ಟಿನ ಹೆಂಗಸು ಅಂತ ವರ್ಣನಾ ಮಾಡಿ, ಬಾಯಿ ಹತ್ತಿರ ಮಾತ್ರ ಏನೋ ಒಂದು ಐತಿ, ಸ್ವಲ್ಪ ಬೆಳದಿದ್ರ ಅದನ್ನ ಹಾಸ್ಯದ ಗುಣ ಅನ್ನಬಹುದಿತ್ತು ಅನ್ನೋ ಹಂಗ ಒಂದು ಕೊಂಡಿ ಇಟ್ಟಿರ್ತಾಳ. ಮುಂದ ಅದು ಬೆಳೀತೈತಿ. ಕಥಿಯೊಳಗ ದೊಡ್ಡಾಕಿ ಆಗಿದ್ದು ಹುಡುಗಿ ಅಷ್ಟ ಅಲ್ಲ, ಐವತ್ತು ದಾಟಿದ ಮರಿಲ್ಲಾನೂ. ನಲವತ್ತು ದಾಟಿದ ಓದುಗರಿಗೆ ನಾ ಹೇಳೂದೇನಂದ್ರ ನೀವು ಆನ್ ಜಾಗಾದಾಗ ಕೂಡಾಕ ಹೋಗಬ್ಯಾಡ್ರಿ, ಮಣಕಾಲು ನೋಯ್ತಾವ, ಮರಿಲ್ಲಾ ಬಾಜೂಕ ಕುರ್ಚಿ ಹಾಕ್ಕೊಂಡು ಕೂಡ್ರಿ. ನಾ ಎರಡು ಸಲ ತಪ್ಪಿದ್ದು ಅಲ್ಲೇ.

ನಗಿಸೋ ಅಧ್ಯಾಯಗಳಿಗೆ ಪಾಠ ಏನೂ ಬೇಕಿಲ್ಲ, ಓದಿ ನಗ್ರಿ. ಎರಡು ಮೂರು ಹೇಳ್ತೀನಿ ಅಷ್ಟ. ಎಂದೂ ಪ್ರಾರ್ಥನಿ ಮಾಡಿ ಗೊತ್ತಿಲ್ಲದ ಹುಡುಗಿಗೆ ದೇವರಿಗೆ ಕೈ ಮುಗಿ ಅಂದ್ರ, ಮಾಡೂದೆಲ್ಲಾ ಮಾಡಿ ಕೊನಿಗೆ ಪತ್ರ ಮುಗಿಸಿದಂಗ 'ಇಂತಿ ತಮ್ಮ ವಿಧೇಯ ಆನ್ ಶರ್ಲಿ' ಅನ್ನೋ ಧಾಟಿಯಾಗ ಮುಗಸ್ತಾಳ. ಬಾಜೂ ಮನಿ ರೇಚಲ್ ಲಿಂಡ್ ಅಂತ ಒಬ್ಬಾಕಿ, ಊರಿನ ಸಿಸಿಟಿವಿ, ಬಂದಾಕಿನ ಹುಡುಗಿ ರೂಪ ನೋಡಿ ಬಡಕಲು, ಕೆಂಪು ಕೂದಲಾ ಅಂತಾಳ, ಹುಡುಗಿ ಕಾಲು ಬಡದು ಎದುರು ಮಾತಾಡ್ತಾಳ. ಕ್ಷಮಾ ಕೇಳು ಅಂದ್ರ ಹೋಗಿ ಮಣಕಾಲೂರಿ ಎರಡೂ ಕೈ ಮುಂದ ಮಾಡಿ ಕಂಪನಿ ನಾಟಕದ ದುಃಖದ ಸೀನ್ ಮಾಡ್ತಾಳ. ರೇಚಲ್ ಕರಗತಾಳ, ಮರಿಲ್ಲಾಗ ಮಾತ್ರ ಗೊತ್ತಾಗತೈತಿ, ಈ ಹುಡುಗಿ ತನ್ನ ಅಪಮಾನಾನ ಸವಿಯಾಕ ಹತ್ಯಾಳ ಅಂತ. ಮರಿಲ್ಲಾಳ ಬ್ರೋಚ್, ಅಂದ್ರ ಎದಿಗೆ ಚುಚ್ಚಿಕೊಳ್ಳೋ ದಾಗೀನ, ಕಳದ ಅಧ್ಯಾಯ ಮಾತ್ರ ನಕ್ಕೋತ ಓದಿದ ಮ್ಯಾಲೆ ಒಂದು ಸಲ ತಿರಗಿ ಓದ್ರಿ. ತಪ್ಪು ಒಪ್ಪಿಕೊಳ್ಳೋ ತನಕ ಖೋಲಿ ಬಿಟ್ಟು ಹೊರಗ ಬರೂಹಂಗಿಲ್ಲ, ಪಿಕ್ನಿಕ್ಕಿಗೆ ಹೋಗೂಹಂಗಿಲ್ಲ ಅಂದಿದ್ದಕ್ಕ ಹುಡುಗಿ ಮಾಡಲಾರದ ತಪ್ಪಿಗೆ ಒಂದು ಚಂದನ ಸುಳ್ಳು ತಪ್ಪೊಪ್ಪಿಗಿ ಕಟ್ಟಿ ಹೇಳ್ತಾಳ. ಬ್ರೋಚ್ ಸಿಗೂದು ಮರಿಲ್ಲಾಳದ್ದ ಶಾಲಿನ್ಯಾಗ. ಅಲ್ಲೆ ಕ್ಷಮಾ ಕೇಳೂದು ದೊಡ್ಡಾಕಿ. ನಮ್ಮ ಮನಿಗಳೊಳಗ ದೊಡ್ಡವರು ಸಣ್ಣವರಿಗೆ ತಪ್ಪಾತು ಅಂದದ್ದು ನಾ ಎಷ್ಟು ಸಲ ಕೇಳೀನಿ ಅಂತ ಎಣಸಾಕ ಹೋದೆ, ಒಂದು ಕೈ ಬೆರಳು ಉಳದ್ವು.

ಹೆಸರಿನ ಜಗಳ ಒಂದು ಐತಿ, ಅದು ಕನ್ನಡ ಲಿಪಿಯೊಳಗ ಕಾಣೂದಿಲ್ಲ. ತನ್ನ ಹೆಸರಿನ ಸ್ಪೆಲಿಂಗಿನ ಕೊನಿಗೆ ಇ ಅಕ್ಷರ ಇರಲೇಬೇಕು ಅಂತ ಆನ್ ಹಟ. ಉಚ್ಚಾರ ಒಂದ. ನಮ್ಮಾಕಿ ಇದೇನು ಹುಚ್ಚು ಅಂದ್ಲು. ಸುನಂದ ಅಂತ ಬರದ್ರ 'ದೀರ್ಘ ಹಚ್ಚರಿ, ಸುನಂದಾ' ಅಂತ ಹಾಜರಿ ಪುಸ್ತಕ ತಿದ್ದಿಸಿದ ಹುಡುಗ್ಯಾರು ನಮ್ಮ ಕ್ಲಾಸಿನ್ಯಾಗ ಇದ್ರು, ಹಂಗ ತಿಳಕೋ ಅಂದೆ. ಮುಂದ ಮಾಸ್ತರ್ ಫಿಲಿಪ್ಸ್ ಆಕಿನ್ನ ಶಿಕ್ಷಾಕ್ಕ ಬೋರ್ಡಿನ ಮುಂದ ನಿಲ್ಲಿಸಿ, ಈಕಿಗೆ ಸಿಟ್ಟು ಭಾಳ ಅಂತ ಬೋರ್ಡಿನ ಮ್ಯಾಲೆ ಬರೀತಾನ, ಆ ಇ ಬಿಟ್ಟು ಬರೀತಾನ. ಗಾಯಕ್ಕ ಉಪ್ಪು ಹೆಂಗ ಅಂತ ಈಗ ಗೊತ್ತಾತಲ್ಲ.

ಶಿಕ್ಷಾ ಯಾಕಂದ್ರ ಆಕಿ ಸಾಲಿ ಹುಡುಗ ಗಿಲ್ಬರ್ಟ್. ಆಕಿ ಜಡಿ ಹಿಡದು ಗಜ್ಜರಿ ಅಂದ, ಆಕಿ ಪಾಟಿ ತಗೊಂಡು ಅಂವನ ತಲಿಗೆ ಹೊಡದ್ಲು, ಪಾಟಿ ಎರಡು ತುಂಡು. ಅಲ್ಲಿಂದ ಐದು ವರ್ಷ ಅಂವನ ಜೋಡಿ ಮಾತು ಬಂದ್. ಇದು ಸೊಕ್ಕಿನ ಸುಮ್ಮನಿರೂದು, ಪೆನ್ಸಿಲ್ ಗೆರಿ ಬ್ಯಾರೆ ಬಣ್ಣದ್ದು ಎಳೀರಿ. ನಡುವ ಆಕಿ ದೋಣಿ ಮುಳುಗಿ ಸೇತುವಿ ಕಂಬಕ್ಕ ಜೋತು ಬಿದ್ದಾಗ ಅಂವ ಉಳಸ್ತಾನ, ದೋಸ್ತಿ ಮಾಡೂಣೇನು ಅಂತಾನ, ಒಂದು ಕ್ಷಣ ಆಕಿ ಮನಸ್ಸು ಕರಗತೈತಿ, ಮತ್ತ ಗಜ್ಜರಿ ನೆನಪಾಗಿ ಇಲ್ಲ ಅಂದುಬಿಡ್ತಾಳ, ಅಂದ ಮ್ಯಾಲೆ ಒಳಗ ಪಶ್ಚಾತ್ತಾಪ. ಹುಡುಗೂರು ಇದನ್ನ ಲವ್ ಸ್ಟೋರಿ ಅಂತ ಓದ್ತಾರ, ಓದ್ಲಿ. ನನಗ ಅದು ಮಾತು ಬಿಟ್ಟ ಮಂದಿ ಕಥಿ ಅನ್ನಸ್ತೈತಿ, ನಮ್ಮ ಓಣಿಯಾಗ ಹೊಲದ ಬದುವಿನ ಸಲುವಾಗಿ ಇಪ್ಪತ್ತು ವರ್ಷ ಮಾತು ಬಿಟ್ಟ ಅಣ್ಣತಮ್ಮರು ಅದಾರ, ಐದು ವರ್ಷ ಏನು ಮಹಾ.

ಆನ್ ತನ್ನ ಜೀವದ ಗೆಳತಿ ಡಯಾನಾಗ ಶರಬತ್ತು ಅಂತ ತಿಳದು ಮನಿಯಾಗ ಮಾಡಿದ ವೈನ್ ಕುಡಿಸಿದ ಅಧ್ಯಾಯ ಎಲ್ಲಾರಿಗೂ ಪ್ರಿಯ. ಅದನ್ನ ಒಂಟಿಯಾಗಿ ಓದಬ್ಯಾಡ್ರಿ, ಎರಡು ಅಧ್ಯಾಯ ಮುಂದ ಡಯಾನಾನ ತಂಗಿಗೆ ರಾತ್ರಿ ಗಂಟಲ ಬಾತು ಉಸರು ಕಟ್ಟತೈತಿ, ದೊಡ್ಡವರು ಭಾಳಷ್ಟು ಮಂದಿ ಪ್ರಧಾನಿ ಭಾಷಣ ಕೇಳಾಕ ಪ್ಯಾಟಿಗೆ ಹೋಗ್ಯಾರ, ಆವಾಗ ಕೂಸನ್ನ ಉಳಸೂದು ಆನ್. ಹೆಂಗ ಗೊತ್ತು ಆಕಿಗೆ? ಮೂರು ಜೋಡಿ ಅವಳಿ ಜವಳಿ ಸಾಕಿದಾಕಿ. ಐದನೇ ಅಧ್ಯಾಯದಾಗ ಹೇಳಲಾರದ ಬಿಟ್ಟ ಕಷ್ಟ ಇಲ್ಲೆ ಕೈಗೆ ಬರ್ತೈತಿ. ಆ ಹೊತ್ತಿನ್ಯಾಗ ಆಕಿ ಕನಸು ಕಾಣೂದಿಲ್ಲ, ದೊಡ್ಡ ದೊಡ್ಡ ಶಬ್ದ ಹೇಳೂದಿಲ್ಲ, ನೀರು ಕಾಸು, ಒಲಿಗೆ ಕಟಗಿ ಹಾಕು, ಇಷ್ಟ.

ಈಗ ಮ್ಯಾಥ್ಯೂ. ಅಂವನ ಮಾತು ಅಂದ್ರ ಇಂಗ್ಲಿಷಿನ್ಯಾಗ 'ವೆಲ್ ನೌ' ಅಂತ ಸುರುವಾಗತೈತಿ, ಭಾಳಷ್ಟು ಸಲ ಅಲ್ಲೇ ಮುಗೀತೈತಿ. ಅದಕ್ಕ ಕನ್ನಡ ಏನು ಅಂತ ನಮ್ಮನಿಯಾಗ ಒಂದು ವಾರ ವಾದ ನಡೀತು, ಕೊನಿಗೆ ನಮ್ಮ ಮನಿಯವರು 'ಹಾಂ... ನೋಡೂಣಂತ' ಅಂದ್ರು, ಅದ ಫೈನಲ್. ಇಪ್ಪತ್ತೈದನೇ ಅಧ್ಯಾಯ ಅಂವಂದು. ಒಂದು ಸಂಜಿ ಆನ್ ತನ್ನ ಗೆಳತ್ಯಾರ ನಡುವ ನಿಂತದ್ದು ನೋಡಿ ಈಕಿ ಎಲ್ಲಾರಕಿಂತ ಏನೋ ಬ್ಯಾರೆ ಕಾಣ್ತಾಳ ಅನ್ನಸ್ತೈತಿ, ಏನು ಅಂತ ತಿಳೀವಲ್ದು. ಪೈಪ್ ಸೇದಕೋತ ಎರಡು ತಾಸು ವಿಚಾರ ಮಾಡಿದ ಮ್ಯಾಲೆ ಹೊಳೀತೈತಿ: ಫ್ರಾಕು! ಉಳದವರಿಗೆಲ್ಲಾ ಪುಗ್ಗಾದಂಗ ಉಬ್ಬಿದ ತೋಳು, ಈಕಿಗೆ ಮರಿಲ್ಲಾ ಹೊಲಿದ ಸಾದಾ ತೋಳು, ಬಟ್ಟಿ ಹಾಳು ಅಂತ. ಅಂವ ಅಂಗಡಿಗೆ ಹೋಗ್ತಾನ, ಅಲ್ಲೆ ಕೌಂಟರಿನ್ಯಾಗ ಹೆಣ್ಣುಮಗಳು! ನಾಲಿಗಿ ಒಣಗಿ, ಫ್ರಾಕಿನ ಮಾತು ಬಾಯಿಗೆ ಬರಲಾರದ, ಡಿಸೆಂಬರ್ ಚಳಿಯಾಗ ತ್ವಾಟದ ಕುಂಟಿಯಂಥಾ ಸಾಮಾನು ಒಂದು, ಇಪ್ಪತ್ತು ಪೌಂಡ್ ಕಂದು ಸಕ್ಕರಿ, ಅಂದ್ರ ಒಂಬತ್ತು ಕಿಲೋ, ಹೊತಗೊಂಡು ಮನಿಗೆ ಬರ್ತಾನ. ನಮ್ಮ ಕಡೆ ಗಂಡಸರನ್ನ ಹುಬ್ಬಳ್ಳಿ ಜವಳಿ ಸಾಲಿಗೆ ಒಬ್ಬರನ್ನ ಕಳಿಸಿ ಮಗಳ ಫ್ರಾಕು ತರ್ರಿ ಅಂದ್ರ ಆಗೂದೂ ಹಿಂಗ. ಕೊನಿಗೆ ರೇಚಲ್ ಕಡೆ ಹೋಗಿ ಹೊಲಿಸಿಕೊಡ್ರಿ ಅಂತಾನ. ಕ್ರಿಸ್‌ಮಸ್ ಮುಂಜಾನೆ ಆ ಫ್ರಾಕು ನೋಡಿ ಆನ್ ಏನು ಮಾಡ್ತಾಳ? ನಾನು ಹೇಳೂದಿಲ್ಲ, ಪೆನ್ಸಿಲ್ ಕೈಯಾಗ ಹಿಡಕೊಂಡು ಓದ್ರಿ.

ಇಲ್ಲಿಂದ ಮುಂದ ಒಂದು ಮಜಾ ಶುರು ಆಗತೈತಿ, ಅದನ್ನ ಹಿಡೀಬೇಕಂದ್ರ ಗೆರಿ ಎಳದಿರಬೇಕು. ಮಾತಾಡಾಕಿ ಕಡಿಮಿ ಮಾತಾಡ್ತಾಳ, ಮಾತಾಡಲಾರದವರು ಬಾಯಿ ಬಿಡ್ತಾರ. ಮೂವತ್ತೊಂದನೇ ಅಧ್ಯಾಯದಾಗ ಮರಿಲ್ಲಾನ ಕೇಳ್ತಾಳ, ಯಾಕ ನೀ ಮೊದಲಿನ ಅರ್ಧಾನೂ ಹರಟೂದಿಲ್ಲಲ್ಲ ಈಗ ಅಂತ. ಹುಡುಗಿ ಮರಿಲ್ಲಾಕಿಂತ ಎತ್ತರ ಆಗ್ಯಾಳ ಆವಾಗ. ಛಲೋ ವಿಚಾರ ಮನಸ್ಸಿನ್ಯಾಗ ಇಟ್ಟುಕೊಳ್ಳೂದ ಚಂದ ಅನ್ನಸ್ತೈತಿ, ಹೇಳಿದ್ರ ಮಂದಿ ನಗ್ತಾರ, ಅನ್ನೋ ಥರ ಏನೋ ಅಂತಾಳ ಆನ್. ಅಲ್ಲೆ ಮರಿಲ್ಲಾಗ ಆಗೋ ಸಂಕಟ ನೋಡ್ರಿ, ಬಾಯಿ ಮುಚ್ಚು ಬಾಯಿ ಮುಚ್ಚು ಅಂತ ಹೇಳಿ ಹೇಳಿ, ಮುಚ್ಚಿದ ದಿನ ಮನಿ ಬಿಕೋ ಅಂತೈತಿ.

ಮತ್ತ 36ನೇ ಅಧ್ಯಾಯದ ಕೊನಿಗೆ ಮ್ಯಾಥ್ಯೂ. ನಾನು ಗಂಡು ಹುಡುಗ ಆಗಿದ್ರ ನಿಮಗೆ ಎಷ್ಟು ಅನುಕೂಲ ಆಗ್ತಿತ್ತು ಅಂತಾಳ ಹುಡುಗಿ. ಹನ್ನೆರಡು ಗಂಡು ಹುಡುಗರಕಿಂತ ನನಗ ನೀನ ಬೇಕು, ನೀ ನನ್ನ ಮಗಳು ಅಂತಾನ ಅಂವ, ಅಷ್ಟು ಉದ್ದ ಮಾತು ಅಂವ ಇಡೀ ಪುಸ್ತಕದಾಗ ಆಡಿದ್ದು ಅಪರೂಪ. ಮರುದಿನ ಪೇಪರಿನ್ಯಾಗ ತಮ್ಮ ರೊಕ್ಕ ಇದ್ದ ಬ್ಯಾಂಕ್ ಮುಳುಗಿದ ಸುದ್ದಿ ನೋಡಿ ಬಾಗಲದಾಗ ಬಿದ್ದು ಹೋಗ್ತಾನ. ನಮ್ಮ ಮನಿಯವರು ಆ ಪಾಲು ಓದೂದಿತ್ತು, ಕನ್ನಡಕ ಒರಸಕೋತ ಹೊರಗ ಹ್ವಾದ್ರು, ನಾನ ಓದಿದೆ. ಆನ್‌ಗ ಅಳು ಬರೂದಿಲ್ಲ. ಅಳಬೇಕು ಅಂತ ಕೂತ್ರೂ ಬರೂದಿಲ್ಲ, ಎದಿಯಾಗ ಕಲ್ಲಿಟ್ಟಂಗ. ನಡುರಾತ್ರಿ ಎಚ್ಚರಾಗಿ ಅಂವನ ಮಾತು ನೆನಪಾದ ಮ್ಯಾಲೆ ಒಡೀತೈತಿ. ಆವಾಗ ಮರಿಲ್ಲಾ ಬಂದು ತಬ್ಬಕೊಂಡು, ನನಗ ಮನಸ್ಸಿನ ಮಾತು ಬಾಯಿಲೇ ಹೇಳಾಕ ಎಂದೂ ಸರಳ ಆಗಿಲ್ಲ, ಇಂಥಾ ಹೊತ್ತಿನ್ಯಾಗ ಅಷ್ಟ ಆಗತೈತಿ, ನೀ ನನ್ನ ಹೊಟ್ಟೀಲೆ ಹುಟ್ಟಿದಷ್ಟ ಅಂತ ಹೇಳ್ತಾಳ. ಈ ಎರಡು ಅಧ್ಯಾಯ ಬಸ್ಸಿನ್ಯಾಗ ಕೇಳಬ್ಯಾಡ್ರಿ. ಕಂಡಕ್ಟರ್ ಏನಾತವ್ವಾ ಅಂತ ಕೇಳ್ತಾರ.

ಪುಸ್ತಕದಾಗ ಎಲ್ಲಾ ಬಂಗಾರ ಅಂತ ನಾ ಹೇಳೂದಿಲ್ಲ. ನಡುವ ಕೆಲವು ಅಧ್ಯಾಯ ಅಚ್ಚು ಒಂದ, ಆನ್ ಒಂದು ಗಡಬಡ ಮಾಡೂದು, ಪಾಠ ಕಲಿಯೂದು, ಮತ್ತ ಗಡಬಡ. ಕೇಕಿನ್ಯಾಗ ವೆನಿಲಾ ಬದಲಿ ನೋವಿನ ಎಣ್ಣಿ, ಕೂದಲಕ್ಕ ಬಣ್ಣ ಹಚ್ಚಿ ಹಸರು, ಇವನ್ನ ಜಲ್ದಿ ಓದಿದ್ರ ಪಾಪ ಬರೂದಿಲ್ಲ. ಆದ್ರ ಮೊದಲನೇ ಅಧ್ಯಾಯದಾಗ ಮರಿಲ್ಲಾ ಫ್ರೆಂಚ್ ಕೂಲಿ ಹುಡುಗರ ಬಗ್ಗೆ, ಲಂಡನ್ನಿನ ಅನಾಥ ಹುಡುಗರ ಬಗ್ಗೆ ಆಡೋ ಮಾತು ಜಲ್ದಿ ದಾಟಬ್ಯಾಡ್ರಿ. ಛಲೋ ಮನಸ್ಸಿನ ಹೆಂಗಸಿನ ಬಾಯಾಗೂ ಜಾತಿ ನೋಡಿ ಆಳು ಹಿಡಿಯೋ ಮಾತು ಇರ್ತೈತಿ ಅನ್ನೂದು ನಮಗೇನು ಹೊಸಾದಲ್ಲ. 1869ರಿಂದ ಮುಂದ ಇಂಗ್ಲೆಂಡಿನಿಂದ ಕೆನಡಾಕ್ಕ ಬಡ ಮಕ್ಕಳನ್ನ, ಅನಾಥರನ್ನ ಹಡಗದಾಗ ಸಾವಿರಗಟ್ಟಲೆ ಕಳಸ್ತಿದ್ರು, ಭಾಳಷ್ಟು ಮಕ್ಕಳು ಹೊಲಮನಿ ದುಡಿತಕ್ಕ. ಆ ಕಾಲದಾಗ ಅನಾಥ ಕೂಸು ಅಂದ್ರ ಮನಿಗೆ ಬರೋ ಮಗು ಅಲ್ಲ, ಒಂದು ಜೋಡಿ ಕೈ. ಇದು ಗೊತ್ತಿದ್ರ 'ಗಂಡು ಹುಡುಗ ಬೇಕಾಗಿತ್ತು' ಅನ್ನೋ ಮಾತಿನ ತೂಕ ಬ್ಯಾರೆ ಆಗತೈತಿ.

ಲೇಖಕಿ ಬಗ್ಗೆ ಪುಸ್ತಕ ಮುಗದ ಮ್ಯಾಲೆ ಓದ್ರಿ, ಮೊದಲ ಬ್ಯಾಡ. 1874ರಾಗ ಅದ ನಡುಗಡ್ಡಿಯಾಗ ಹುಟ್ಟಿದಾಕಿ, ಎರಡು ವರ್ಷ ತುಂಬೂಕಿಂತ ಮೊದಲ ತಾಯಿ ಹ್ವಾದ್ಲು, ಅಪ್ಪ ದೂರ ಪಶ್ಚಿಮಕ್ಕ ಹೋಗಿ ಬ್ಯಾರೆ ಸಂಸಾರ ಮಾಡಿದ, ಅಜ್ಜ ಅಜ್ಜಿ ಸಾಕಿದ್ರು. ಕಾದಂಬರಿನ ಪ್ರಕಾಶಕರು ಒಬ್ಬರ ಮ್ಯಾಲೆ ಒಬ್ಬರು ಬ್ಯಾಡ ಅಂದ್ರು, ಟೊಪ್ಪಿಗಿ ಡಬ್ಬಿಯಾಗ ಹಾಕಿ ಇಟ್ಟುಬಿಟ್ಲು, ಮುಂದ ತಗದು ಮತ್ತ ಕಳಿಸಿದಾಗ ಬಾಸ್ಟನ್ನಿನ ಪ್ರಕಾಶಕರು ಹೂಂ ಅಂದ್ರು. ಜಪಾನಿನ್ಯಾಗ 1952ರಾಗ ಅನುವಾದ ಆಗಿ ಅಲ್ಲಿನವರಿಗೆ ಈ ಹುಡುಗಿ ಎಷ್ಟು ಹಚ್ಚಿಕೊಂಡ್ಲು ಅಂದ್ರ, ಇವತ್ತಿಗೂ ಅಲ್ಲಿಂದ ಮಂದಿ ಆ ನಡುಗಡ್ಡಿ ನೋಡಾಕ ಬರ್ತಾರ. ಮುಂದಿನ ಭಾಗಗಳೂ ಅದಾವ, 1909ರಿಂದ ಸುರು. ಅವಸರ ಬ್ಯಾಡ. ಟಿವಿ ಸೀರಿಯಲ್ ನೋಡೂದಿದ್ರ ಓದಿದ ಮ್ಯಾಲೆ ನೋಡ್ರಿ, ಅಲ್ಲೆ ಸುಮ್ಮನಿದ್ದ ಜಾಗಾದಾಗೆಲ್ಲಾ ಮ್ಯೂಸಿಕ್ ಹಾಕಿರ್ತಾರ.

ಮುಗಸಿದ ಕೂಡಲೇ ಪುಸ್ತಕ ಕೆಳಗ ಇಡದ ಮೊದಲನೇ ಪುಟಕ್ಕ ಹೋಗ್ರಿ. ನಾನು ಹಾಸ್ಟೆಲಿನ್ಯಾಗ ಸುರು ಮಾಡಿದ ಪುಟ. ಮೊದಲನೇ ವಾಕ್ಯ ಒಂದ ಒಂದು ಪ್ಯಾರಾದಷ್ಟು ಉದ್ದ ಐತಿ, ಒಂದು ಹಳ್ಳದ ಬಗ್ಗೆ. ಕಾಡಿನ್ಯಾಗ ಹುಟ್ಟಿ, ಮ್ಯಾಲಿನ ಕಡೆ ಜಿಗದು ಧುಮುಕಿ ಗದ್ದಲಾ ಮಾಡಕೋತ ಬಂದ ಹಳ್ಳ ರೇಚಲ್ ಲಿಂಡ್ ಮನಿ ಮುಂದ ಬರೂದ್ರಾಗ ಸಭ್ಯ ಆಗಿ, ಸುಮ್ಮನ ಹರೀತೈತಿ, ಯಾಕಂದ್ರ ಆಕಿ ಬಾಗಲ ಮುಂದ ಹಳ್ಳ ಸೈತ ಮರ್ಯಾದಿ ಬಿಟ್ಟು ಹರಿಯಾಕ ಸಾಧ್ಯ ಇಲ್ಲ. ಮೊದಲನೇ ಸಲ ಇದು ಬರೇ ಚಾಷ್ಟಿ ಅನ್ನಿಸಿತ್ತು ನನಗ. ಈಗ ಓದಿದಾಗ ನಮ್ಮ ಹುಡುಗಿ ಥಟ್ಟನ ತಲಿ ಎತ್ತಿದ್ಲು.

'ಮೌಶಿ, ಇದು ಆನ್ ಅಲ್ಲಾ?'

ಹೌದಲ್ಲೇ ಅಂದೆ. ನನಗ ಭಾಳ ಖುಷಿ ಆತು, ಎಷ್ಟು ಚಂದ ಹೆಣದಾಳ ನೋಡು, ಹಳ್ಳ ಹೊಳಿ ಕೂಡೋ ಜಾಗಾ ಅಂತ ಮೂವತ್ತೊಂದನೇ ಅಧ್ಯಾಯಕ್ಕ ಹೆಸರೂ ಹಂಗ ಇಟ್ಟಾಳ ಅಂತ ಹೇಳಾಕ ಹತ್ತಿದ್ದೆ. ಆಕಿಗೆ ಖುಷಿ ಆಗಲಿಲ್ಲ. 'ಅಂದ್ರ ಎಲ್ಲಾರೂ ಕೂಡಿ ಆಕಿ ಬಾಯಿ ಮುಚ್ಚಿಸಿದ್ರಲ್ಲ' ಅಂದ್ಲು. ಮುಚ್ಚಿಸಿಲ್ಲ, ತಾನ ಆಳ ಆದ್ಲು ಅಂದೆ ನಾ. ಹಳ್ಳ ತಾನ ಸುಮ್ಮನಾಗಿದ್ದಲ್ಲ ಮೌಶಿ, ರೇಚಲ್ ಮನಿ ಅಂತ ಸುಮ್ಮನಾಗಿದ್ದು, ಅಲ್ಲೆ ಬರದೈತಿ ಓದು ಅಂತ ಬೆರಳಿಟ್ಟು ತೋರಿಸಿದ್ಲು. ಬರದಿದ್ದೇನೋ ಹಂಗ ಐತಿ. ಕೊನಿಗೆ ಆನ್ ತನ್ನ ಸ್ಕಾಲರ್‌ಶಿಪ್ ಬಿಟ್ಟು, ಕಣ್ಣು ಮಂದ ಆಗಾಕ ಹತ್ತಿದ ಮರಿಲ್ಲಾ ಸಲುವಾಗಿ ಊರಾಗ ಉಳಿದದ್ದೂ ನಮ್ಮ ಹುಡುಗಿಗೆ ಸೇರಿಲ್ಲ, ನನಗ ಆ ಭಾಗ ಅಗದಿ ಸೇರೈತಿ. ಎರಡು ಶನಿವಾರ ಆತು, ಜಗಳ ಇನ್ನೂ ನಡದೈತಿ, ನಮ್ಮ ಮನಿಯವರನ್ನ ನೀವ ಹೇಳ್ರಿ ಯಾರದು ಖರೆ ಅಂತ ಕೇಳಿದ್ರ ಪೇಪರಿನಿಂದ ತಲಿ ಎತ್ತಲಾರದ, 'ಹಾಂ... ನೋಡೂಣಂತ.'